ಆರ್‌ಎ (ರುಮಟಾಯ್ಡ್ ಆರ್ಥ್ರೈಟಿಸ್) ಇರುವವರ ಹಾರ್ಟು: ಔಷಧಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಔಷಧಿ ಅಂಗಡಿಯಲ್ಲಿ ಕೂರುವ ಫಾರ್ಮಸಿಸ್ಟ್. ಕೀಲಿನ ಡಾಕ್ಟರು ಬರೆದ ಚೀಟಿ, ಹಾರ್ಟ್ ಡಾಕ್ಟರು ಬರೆದ ಚೀಟಿ, ಎರಡೂ ಒಂದೇ ಬಟ್ಟೆಚೀಲದಿಂದ ಹೊರಬರುವುದನ್ನು ನೋಡುತ್ತಲೇ ಇರುತ್ತೇನೆ. ಆ ಎರಡು ಚೀಟಿಗಳು ಮೊದಲ ಸಲ ಮುಖಾಮುಖಿಯಾಗುವುದು ಎಷ್ಟೋ ಬಾರಿ ನಮ್ಮ ಕೌಂಟರಿನ ಗಾಜಿನ ಮೇಲೆಯೇ. ಅಲ್ಲಿ ನಿಂತು ಜನ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಮೆಸೇಜು ಹಾಕಿ ಕೇಳಿದ್ದು ಎಲ್ಲವನ್ನೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮಾತ್ರೆ ಬದಲಿಸುವುದು, ಡೋಸು ಏರಿಸಿ ಇಳಿಸುವುದು ನಿಮ್ಮ ಡಾಕ್ಟರ ಕೆಲಸ. ಅವರ ಹತ್ತಿರ ಏನು ಕೇಳಬೇಕು ಅನ್ನುವುದು ಇಲ್ಲಿ ಸಿಕ್ಕೀತು.

## ಮೊದಲ ಪಾಠ

ಹಾರ್ಟ್ ಫೇಲ್ಯೂರ್ ಅಂದ್ರೆ ಹಾರ್ಟ್ ನಿಂತುಹೋಗೋದು ತಾನೆ?

ಅಲ್ಲ. ‘ಹಾರ್ಟ್ ಫೇಲ್ ಆಗಿ ಹೋದರು’ ಎಂದು ನಾವು ಸಾವಿಗೇ ಹೇಳಿ ಹೇಳಿ ರೂಢಿಯಾಗಿಬಿಟ್ಟಿದೆ. ಹಾಗಾಗಿ ರಿಪೋರ್ಟಿನಲ್ಲಿ ಆ ಪದ ಕಂಡ ಕೂಡಲೇ ಮನೆಯವರೆಲ್ಲ ಅಳಲು ಶುರು ಮಾಡುತ್ತಾರೆ. ಡಾಕ್ಟರು ಹೇಳುವ ಹಾರ್ಟ್ ಫೇಲ್ಯೂರ್ ಬೇರೆ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತವನ್ನು ಸಲೀಸಾಗಿ ದಬ್ಬಲು ಆಗುವುದಿಲ್ಲ. ಹಿಂದೆ ಉಳಿದ ಒತ್ತಡದಿಂದ ಶ್ವಾಸಕೋಶದಲ್ಲಿ, ಕಾಲಿನಲ್ಲಿ, ಹೊಟ್ಟೆಯಲ್ಲಿ ನೀರು ಸೇರುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಹಾರ್ಟ್ ಅಟ್ಯಾಕ್ ಇನ್ನೊಂದು ವಿಷಯ. ಅಟ್ಯಾಕ್ ಆದ ಮೇಲೆ ಫೇಲ್ಯೂರ್ ಬರಬಹುದು, ಅಟ್ಯಾಕೇ ಆಗದೆಯೂ ಬರಬಹುದು. ಇದು ಗಂಭೀರವಾದ ಕಾಯಿಲೆ ಹೌದು, ಆದರೆ ಚಿಕಿತ್ಸೆ ಇದೆ. ಮಾತ್ರೆ ತಗೊಂಡು ವರ್ಷಗಟ್ಟಲೆ ಮನೆ, ಹೊಲ, ಅಂಗಡಿ ನೋಡಿಕೊಂಡಿರುವವರು ನನ್ನ ಗಿರಾಕಿಗಳಲ್ಲೇ ಇದ್ದಾರೆ.

ಕೈಬೆರಳಿನ ಕಾಯಿಲೆಗೂ ಹಾರ್ಟಿಗೂ ಎಲ್ಲಿಂದೆಲ್ಲಿಗೆ ಸಂಬಂಧ?

ರುಮಟಾಯ್ಡ್ ಆರ್ಥ್ರೈಟಿಸ್ ಅನ್ನು ಜನ ಆಮವಾತ ಎನ್ನುತ್ತಾರೆ, ಸಂಧಿವಾತ ಎನ್ನುತ್ತಾರೆ. ಹೆಸರಲ್ಲೇ ಸಂಧಿ ಇರುವುದರಿಂದ ಇದು ಬರೀ ಕೀಲಿನ ತೊಂದರೆ ಅನ್ನಿಸಿಬಿಡುತ್ತದೆ. ಮಂಡಿ ಸವೆತದ ಹಾಗಲ್ಲ ಇದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಮೈಮೇಲೆ ತಿರುಗಿಬೀಳುವ ಕಾಯಿಲೆ. ಆ ಉರಿಯೂತ ರಕ್ತದಲ್ಲಿ ಸುತ್ತುತ್ತದೆ. ಬೆರಳಿನ ಗೆಣ್ಣಿನಲ್ಲಿ ನಿಮಗೆ ಕಾಣುತ್ತದೆ, ಒಳಗೆ ರಕ್ತನಾಳದ ಗೋಡೆಯಲ್ಲಿ, ಹೃದಯದ ಮಾಂಸದಲ್ಲಿ ಕಾಣುವುದಿಲ್ಲ, ಅಷ್ಟೇ. ವರ್ಷಗಳ ಕಾಲ ಹೀಗೆ ನಡೆದರೆ ರಕ್ತನಾಳದಲ್ಲಿ ಕೊಬ್ಬು ಬೇಗ ಕಟ್ಟುತ್ತದೆ, ಹೃದಯದ ಮಾಂಸ ಬಿಗಿಯಾಗುತ್ತದೆ. ಕೆಲವರಲ್ಲಿ ಹೃದಯದ ಸುತ್ತಲಿನ ಪೊರೆಗೂ ಉರಿಯೂತ ಹಬ್ಬಿ ಅಲ್ಲಿ ನೀರು ಸೇರುವುದುಂಟು. ಇದರ ಮೇಲೆ ನೋವಿನ ಮಾತ್ರೆ, ಸ್ಟಿರಾಯ್ಡು, ಓಡಾಟ ಕಮ್ಮಿ, ಬಿಪಿ, ಶುಗರ್ ಎಲ್ಲ ಸೇರಿಕೊಳ್ಳುತ್ತವೆ.

ಚಿಕ್ಕಂದಿನಲ್ಲಿ ‘ರುಮಾಟಿಕ್’ ಅಂದಿದ್ರು, ಈಗ ‘ರುಮಟಾಯ್ಡ್’ ಅಂತಾರೆ. ಎರಡೂ ಒಂದೇನಾ?

ಹೆಸರು ಅಕ್ಕತಂಗಿಯರ ಹಾಗಿದೆ, ಕಾಯಿಲೆ ಬೇರೆ ಬೇರೆ. ರುಮಾಟಿಕ್ ಜ್ವರ ಮಕ್ಕಳಿಗೆ ಗಂಟಲು ಸೋಂಕಿನ ನಂತರ ಬರುವುದು. ಅದು ಹೃದಯದ ವಾಲ್ವುಗಳನ್ನು ಹಾಳು ಮಾಡುತ್ತದೆ. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಅಂತ ಓಡಾಡಿದ ನೆನಪಿದ್ದರೆ ಅದು ಇದೇ. ರುಮಟಾಯ್ಡ್ ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರುತ್ತದೆ, ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಎರಡರ ಇತಿಹಾಸವೂ ಇದ್ದರೆ ಹಾರ್ಟ್ ಡಾಕ್ಟರಿಗೆ ಎರಡನ್ನೂ ಬಿಡಿಸಿ ಹೇಳಿ, ಚಿಕಿತ್ಸೆ ಬೇರೆಯಾಗುತ್ತದೆ.

ಹಾಗಾದ್ರೆ ಆರ್‌ಎ ಇರೋರಿಗೆಲ್ಲ ಹಾರ್ಟ್ ಫೇಲ್ಯೂರ್ ಬರುತ್ತಾ?

ಇಲ್ಲ. ಅಮೆರಿಕದ ಮಿನೆಸೋಟಾದಲ್ಲಿ ಓಮ್‌ಸ್ಟೆಡ್ ಕೌಂಟಿ ಅಂತಿದೆ. ಮೇಯೊ ಕ್ಲಿನಿಕ್ ಇರುವ ರಾಚೆಸ್ಟರ್ ಊರು ಅಲ್ಲಿಯದೇ. ಆ ಜಿಲ್ಲೆಯ ಜನರ ಆಸ್ಪತ್ರೆ ದಾಖಲೆಗಳನ್ನು ದಶಕಗಳಿಂದ ಜೋಡಿಸಿಟ್ಟುಕೊಂಡು ಬಂದಿದ್ದಾರೆ. (ನಮ್ಮಲ್ಲಿ ಹೋದ ವರ್ಷದ ಎಕ್ಸ್‌ರೇ ಹುಡುಕಲು ಮಂಚದಡಿ ತೆವಳಬೇಕು.) 2005ರಲ್ಲಿ ಬಂದ ಅವರ ಲೆಕ್ಕ ಹೀಗಿದೆ: 30 ವರ್ಷದ ಅವಧಿಯಲ್ಲಿ ಆರ್‌ಎ ಇದ್ದವರಲ್ಲಿ ನೂರಕ್ಕೆ 34 ಮಂದಿಗೆ ಹಾರ್ಟ್ ಫೇಲ್ಯೂರ್ ಬಂತು, ಇಲ್ಲದವರಲ್ಲಿ 25 ಮಂದಿಗೆ. ವಯಸ್ಸು, ಬಿಪಿ, ಶುಗರ್ ಇವನ್ನೆಲ್ಲ ಸರಿದೂಗಿಸಿ ನೋಡಿದರೆ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ (ಆರ್‌ಎ ಗುರುತಿಸಲು ನೋಡುವ ಅಂಶ) ಪಾಸಿಟಿವ್ ಇದ್ದವರಿಗೆ ಇನ್ನೂ ಜಾಸ್ತಿ.

ಅವು ಹಳೆಯ ತಲೆಮಾರಿನ ರೋಗಿಗಳ ಅಂಕಿ ಅನ್ನುವುದು ನೆನಪಿರಲಿ. ಅವರಲ್ಲಿ ಎಷ್ಟೋ ಜನರಿಗೆ ಈಗಿನ ಚಿಕಿತ್ಸೆ ಶುರುವಿನಲ್ಲೇ ಸಿಕ್ಕಿರಲಿಲ್ಲ.

## ಗುರುತು ಹಿಡಿಯುವುದು

ಅಮ್ಮನ ಕಾಲು ಊದಿದೆ. ಕೀಲಿಂದಾನಾ, ಹಾರ್ಟಿಂದಾನಾ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೀಲಿನ ಊತ ಕೀಲಿನ ಸುತ್ತಲೇ ಇರುತ್ತದೆ, ಮುಟ್ಟಿದರೆ ಬೆಚ್ಚಗೆ, ಒತ್ತಿದರೆ ನೋವು, ಬೆಳಿಗ್ಗೆ ಎದ್ದಾಗ ಬಿಗಿತ ಜಾಸ್ತಿ. ನೀರಿನ ಊತ ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಸಂಜೆಗೆ ಏರುತ್ತದೆ, ನೋವಿರುವುದಿಲ್ಲ. ಮೊಣಕಾಲ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿಂದ ಒಂದಷ್ಟು ಹೊತ್ತು ಒತ್ತಿ ಬಿಡಿ. ಕಲಸಿದ ಹಿಟ್ಟಿನ ಹಾಗೆ ಕುಳಿ ಬಿದ್ದು ಹಾಗೇ ಉಳಿದರೆ ಒಳಗೆ ನೀರಿದೆ ಎಂದು ಅರ್ಥ. ಸಂಜೆ ಚಪ್ಪಲಿ ಬಿಗಿಯಾಗುವುದು, ಸಾಕ್ಸಿನ ಗುರುತು ಆಳವಾಗಿ ಬೀಳುವುದು ಕೂಡ ಅದೇ ಲೆಕ್ಕ.

ನೀರು ಅಂದ ಮಾತ್ರಕ್ಕೆ ಹಾರ್ಟೇ ಅಂತಲೂ ಅಲ್ಲ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೂಡ ಕಾಲು ಊದಿಸುತ್ತದೆ, ಕಿಡ್ನಿಯಿಂದಲೂ ಬರುತ್ತದೆ. ಒಂದೇ ಕಾಲು ದಿಢೀರನೆ ಊದಿ ನೋವಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ.

ನನಗೆ ಏದುಸಿರು ಬರೋದೇ ಇಲ್ಲ. ಅಂದ್ರೆ ಹಾರ್ಟ್ ಸರಿ ಇದೆ ಅಲ್ವಾ?

ಇಲ್ಲೇ ಎಡವುವುದು. ಹಾರ್ಟ್ ಫೇಲ್ಯೂರನ್ನು ಮೊದಲು ತೋರಿಸಿಕೊಡುವುದು ಮೆಟ್ಟಿಲು. ಮಂಡಿ ನೋವಿರುವವರು ಮೆಟ್ಟಿಲನ್ನೇ ಹತ್ತುವುದಿಲ್ಲ. ಮೊದಲು ದೇವಸ್ಥಾನಕ್ಕೆ ಹೋಗುವುದು ಬಿಡುತ್ತಾರೆ, ಆಮೇಲೆ ಸಂತೆ, ಆಮೇಲೆ ಪಕ್ಕದ ಬೀದಿ. ಹೃದಯಕ್ಕೆ ಪರೀಕ್ಷೆಯೇ ನಡೆಯದಿದ್ದರೆ ಅದು ಫೇಲಾಗಿದ್ದು ಗೊತ್ತಾಗುವುದು ಹೇಗೆ? ಸುಸ್ತು ಇದ್ದರೆ ‘ಆರ್‌ಎ ಸುಸ್ತು’, ಕಾಲು ಊದಿದರೆ ‘ಕೀಲು’, ನಿದ್ದೆ ಇಲ್ಲದಿದ್ದರೆ ‘ನೋವು’. ಎಲ್ಲವನ್ನೂ ಕೀಲಿನ ಖಾತೆಗೇ ಬರೆದುಕೊಳ್ಳುತ್ತೇವೆ. ಓಮ್‌ಸ್ಟೆಡ್‌ನವರೇ 2008ರಲ್ಲಿ ಇನ್ನೊಂದು ವಿಷಯ ತೋರಿಸಿದರು: ಆರ್‌ಎ ಇರುವವರಲ್ಲಿ ಹಾರ್ಟ್ ಫೇಲ್ಯೂರಿನ ಮಾಮೂಲಿ ಲಕ್ಷಣಗಳು ಅಷ್ಟು ಎದ್ದು ಕಾಣುವುದಿಲ್ಲ, ಆದರೆ ಬಂದ ಮೇಲೆ ಮೊದಲ ವರ್ಷದಲ್ಲಿ ಸಾವು ಉಳಿದವರಿಗಿಂತ ಜಾಸ್ತಿ.

ಹಾಗಾಗಿ ಬೇರೆ ಪ್ರಶ್ನೆ ಕೇಳಿಕೊಳ್ಳಿ. ಮೊದಲು ಒಂದು ದಿಂಬು ಸಾಕಾಗಿತ್ತು, ಈಗ ಎರಡು ಮೂರು ಬೇಕಾ? ಮಧ್ಯರಾತ್ರಿ ಎದ್ದು ಕಿಟಕಿ ಹತ್ತಿರ ಕೂರಬೇಕು ಅನ್ನಿಸುತ್ತಾ? ಮಲಗಿದರೆ ಒಣಕೆಮ್ಮು ಬರುತ್ತಾ? ಎರಡು ತುತ್ತಿಗೆ ಹೊಟ್ಟೆ ತುಂಬಿದ ಹಾಗಾಗುತ್ತಾ? ಸ್ನಾನ ಮಾಡಿ ಸೀರೆ ಉಡುವಷ್ಟರಲ್ಲಿ ಕೂರಬೇಕಾಗುತ್ತಾ? ಇದರಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿದ್ದರೆ ಡಾಕ್ಟರಿಗೆ ಹೇಳಿ. ಆರ್‌ಎ ಶ್ವಾಸಕೋಶಕ್ಕೂ ತಾಗಬಹುದು, ಆರ್‌ಎಗೆ ಕೊಡುವ ಮೆಥೋಟ್ರೆಕ್ಸೇಟ್‌ನಿಂದ ಅಪರೂಪಕ್ಕೆ ಶ್ವಾಸಕೋಶಕ್ಕೆ ತೊಂದರೆ ಆಗುವುದೂ ಉಂಟು. ಯಾವುದು ಯಾವುದೆಂದು ಅವರೇ ಬಿಡಿಸಬೇಕು.

ಎಕೋದಲ್ಲಿ ಇಎಫ್ 60 ಅಂತ ಬಂದಿದೆ. ಅಂದ್ರೆ 40 ಪರ್ಸೆಂಟ್ ಹಾರ್ಟ್ ಹೋಗಿದೆಯಾ?

ಹೋಗಿಲ್ಲ. ಎಕೋ ಅಂದರೆ ಹೃದಯದ ಸ್ಕ್ಯಾನ್. ಅದರಲ್ಲಿ ಬರುವ ಇಎಫ್ ಪರೀಕ್ಷೆಯ ಮಾರ್ಕ್ಸ್ ಅಲ್ಲ, ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. ಹೃದಯದ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ದಬ್ಬುತ್ತದೆ ಅನ್ನುವ ಲೆಕ್ಕ ಅದು. 50ಕ್ಕಿಂತ ಮೇಲಿದ್ದರೆ ದಬ್ಬುವ ಶಕ್ತಿ ಚೆನ್ನಾಗಿದೆ ಎಂದೇ ಅರ್ಥ.

ಆದರೆ ಇಎಫ್ 60 ಇದ್ದೂ ಹಾರ್ಟ್ ಫೇಲ್ಯೂರ್ ಇರಬಹುದು. ಹೃದಯ ಹಿಂಡುವುದು ಎಷ್ಟು ಮುಖ್ಯವೋ ಸಡಿಲವಾಗಿ ತುಂಬಿಕೊಳ್ಳುವುದೂ ಅಷ್ಟೇ ಮುಖ್ಯ. ಬಿಗಿಯಾದ ಹೃದಯ ಚೆನ್ನಾಗಿ ಹಿಂಡುತ್ತದೆ, ಆದರೆ ತುಂಬಿಕೊಳ್ಳುವುದಿಲ್ಲ. ಆರ್‌ಎ ಇರುವವರಲ್ಲಿ ಈ ಬಗೆಯೇ ಜಾಸ್ತಿ ಕಾಣುತ್ತದೆ. ‘ಎಕೋ ನಾರ್ಮಲ್’ ಎಂದು ಬಂದರೂ ಉಸಿರಿನ ತೊಂದರೆ, ಊತ ಹಾಗೇ ಇದ್ದರೆ ‘ಹೃದಯ ಸಡಿಲವಾಗುವುದು ಹೇಗಿದೆ?’ ಎಂದು ಕೇಳಿ. ಎನ್‌ಟಿ-ಪ್ರೊಬಿಎನ್‌ಪಿ ಅನ್ನುವ ರಕ್ತಪರೀಕ್ಷೆಯೂ ಇದೆ. ಆರ್‌ಎ ಉರಿಯೂತ ಜೋರಾಗಿದ್ದಾಗ ಅದು ಹಾರ್ಟ್ ಫೇಲ್ಯೂರ್ ಇಲ್ಲದೆಯೂ ಒಂದಿಷ್ಟು ಏರಬಹುದು, ಅದೊಂದನ್ನೇ ನೋಡಿ ಗಾಬರಿಯಾಗಬೇಡಿ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಕೂತಲ್ಲೇ ಉಸಿರು ಸಿಗದಿದ್ದರೆ, ಮಲಗಲು ಆಗದೆ ಇದ್ದರೆ, ಗುಲಾಬಿ ಬಣ್ಣದ ನೊರೆ ಕಫ ಬಂದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಮೂರು ದಿನದಲ್ಲಿ ತೂಕ 2 ಕಿಲೋಗಿಂತ ಜಾಸ್ತಿ ಏರಿದರೆ ಆಂಬುಲೆನ್ಸ್ ಬೇಡ, ಆದರೆ ಡಾಕ್ಟರಿಗೆ ಅವತ್ತೇ ತಿಳಿಸಿ. ಅದು ಊಟದ ತೂಕ ಅಲ್ಲ, ನೀರಿನ ತೂಕ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ.

## ಮಾತ್ರೆಗಳ ಮಾತು

ನೋವು ತಡೆಯೋಕಾಗಲ್ಲ, ಒಂದೇ ಒಂದು ನೋವಿನ ಮಾತ್ರೆ ಕೊಡಿ. ಒಂದಕ್ಕೆ ಏನಾಗುತ್ತೆ?

ಈ ಮಾತಿಗೆ ‘ಇಲ್ಲ’ ಅನ್ನುವುದು ನನಗೆ ಇವತ್ತಿಗೂ ಕಷ್ಟ. ಎದುರಿಗೆ ನಿಂತವರ ಬೆರಳು ಸೊಟ್ಟಗಾಗಿರುತ್ತದೆ, ಕಣ್ಣಲ್ಲಿ ನೀರಿರುತ್ತದೆ. ಆದರೂ ಹಾರ್ಟ್ ಫೇಲ್ಯೂರ್ ಇದ್ದರೆ ಇಲ್ಲ ಅನ್ನಲೇಬೇಕು.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಪಿರಾಕ್ಸಿಕಾಮ್, ಎಟೋರಿಕಾಕ್ಸಿಬ್ ಎಲ್ಲ ಒಂದೇ ಮನೆತನದವು. ಇವು ಕಿಡ್ನಿ ಉಪ್ಪು ಮತ್ತು ನೀರನ್ನು ಹೊರಹಾಕುವುದನ್ನು ತಡೆಯುತ್ತವೆ. ಹಾರ್ಟ್ ಡಾಕ್ಟರು ಮೂತ್ರದ ಮಾತ್ರೆ ಕೊಟ್ಟು ನೀರು ತೆಗೆಯುತ್ತಿರುತ್ತಾರೆ, ನೋವಿನ ಮಾತ್ರೆ ಅದೇ ನೀರನ್ನು ಹಿಡಿದಿಡುತ್ತದೆ. ಒಂದು ಕಡೆ ಮೋಟಾರ್ ಹಚ್ಚಿ ಬಾವಿಯ ನೀರು ಎತ್ತುತ್ತಾ ಇನ್ನೊಂದು ಕಡೆ ಕಾಲುವೆ ತಿರುಗಿಸಿದ ಹಾಗೆ. ಬಿಪಿ, ಹಾರ್ಟಿಗೆ ಕೊಡುವ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಥರದ್ದು ಒಂದು, ಮೂತ್ರದ ಮಾತ್ರೆ ಒಂದು, ಅದರ ಮೇಲೆ ನೋವಿನ ಮಾತ್ರೆ, ಹೀಗೆ ಮೂರೂ ಸೇರಿದರೆ ಕಿಡ್ನಿಯೇ ಕೈಕೊಡಬಹುದು. ಹೊಟ್ಟೆಗೆ ಒಳ್ಳೆಯದು ಅಂತ ಬಂದ ಹೊಸ ಬಗೆಯವೂ ಹಾರ್ಟಿನ ವಿಷಯದಲ್ಲಿ ಸಾಧುವಲ್ಲ. ಅದೇ ಗುಂಪಿನ ರೋಫೆಕಾಕ್ಸಿಬ್ ಹಾರ್ಟ್ ಅಟ್ಯಾಕಿನ ಕಾರಣಕ್ಕೆ 2004ರಲ್ಲಿ ಜಗತ್ತಿನ ಮಾರುಕಟ್ಟೆಯಿಂದಲೇ ಹೊರಹೋಯಿತು.

ಎರಡು ಮೋಸ ನೆನಪಿಡಿ. ‘ನಾನು ಬರೀ ಪ್ಯಾರಸಿಟಮಾಲ್ ತಗೊಳ್ಳೋದು’ ಅನ್ನುವವರ ಸ್ಟ್ರಿಪ್ ತಿರುಗಿಸಿ ನೋಡಿದರೆ ಎಷ್ಟೋ ಸಲ ಒಳಗೆ ಅಸೆಕ್ಲೋಫೆನಾಕ್ ಬೆರೆತಿರುತ್ತದೆ. ಇನ್ನೊಂದು, ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಕೊಡುವ ‘ನೋವಿನ ಸೂಜಿ’. ಅದೂ ಸಾಮಾನ್ಯವಾಗಿ ಇದೇ ಮನೆತನದ್ದು. ಡಾಕ್ಟರು ಹಾರ್ಟಿಗೆಂದು ಕೊಟ್ಟಿರುವ ಕಡಿಮೆ ಡೋಸಿನ ಆಸ್ಪಿರಿನ್ ಮಾತ್ರ ಬೇರೆ ಲೆಕ್ಕ, ಅದನ್ನು ನೀವೇ ನಿಲ್ಲಿಸಬೇಡಿ.

ಎಲ್ಲಾನೂ ಬೇಡ ಅಂದ್ರೆ ನೋವಿಗೆ ಏನ್ ಮಾಡ್ಲಿ?

ನ್ಯಾಯವಾದ ಸಿಟ್ಟು. ಸಾದಾ ಪ್ಯಾರಸಿಟಮಾಲ್, ಡಾಕ್ಟರು ಹೇಳಿದ ಮಿತಿಯಲ್ಲಿ ತಗೊಳ್ಳಬಹುದು. ನೀರಿನಲ್ಲಿ ಬುರುಬುರು ಕರಗುವ ಬಗೆ ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ. ಬಿಸಿ ಶಾಖ, ಮಣಿಕಟ್ಟಿಗೆ ಪಟ್ಟಿ, ಫಿಸಿಯೋ ಸಹಾಯ ಮಾಡುತ್ತವೆ. ಹಚ್ಚುವ ಜೆಲ್ ಮೈಗೆ ಸೇರುವುದು ಕಮ್ಮಿ, ಆದರೂ ಕೇಳಿ ಹಚ್ಚಿ. ಒಂದೇ ಕೀಲು ಕಾಡುತ್ತಿದ್ದರೆ ಅದರೊಳಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದುಂಟು.

ದಿನವೂ ನೋವಿನ ಮಾತ್ರೆ ಬೇಕಾಗುತ್ತಿದೆ ಅಂದರೆ ಆರ್‌ಎ ಹತೋಟಿಯಲ್ಲಿಲ್ಲ ಎಂದರ್ಥ. ಅದಕ್ಕೆ ಮದ್ದು ನನ್ನ ಅಂಗಡಿಯ ಸ್ಟ್ರಿಪ್ಪಿನಲ್ಲಿಲ್ಲ. ಕೀಲಿನ ಡಾಕ್ಟರು ಮೂಲ ಔಷಧಿ ಬದಲಿಸಬೇಕು.

ಸ್ಟಿರಾಯ್ಡ್ ಹಾರ್ಟಿಗೆ ಕೆಟ್ಟದ್ದಂತೆ. ಇವತ್ತಿಂದ ನಿಲ್ಲಿಸಿಬಿಡಲಾ?

ದಯವಿಟ್ಟು ಬೇಡ. ಪ್ರೆಡ್ನಿಸೊಲೋನ್ ನೀರು ಹಿಡಿಯುತ್ತದೆ, ಬಿಪಿ, ಶುಗರ್ ಏರಿಸುತ್ತದೆ, ನಿಜ. ಆದರೆ ವಾರಗಟ್ಟಲೆ ತಗೊಂಡ ಮೇಲೆ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ದಿಢೀರನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಹಂತ ಹಂತವಾಗಿ ಇಳಿಸಬೇಕು. ಎಷ್ಟು ಬೇಗ ಇಳಿಸಲು ಸಾಧ್ಯ ಎಂದು ಪ್ರತಿ ಭೇಟಿಯಲ್ಲೂ ಕೇಳುವ ಹಕ್ಕು ನಿಮಗಿದೆ.

ಮೆಥೋಟ್ರೆಕ್ಸೇಟ್, ಎಚ್‌ಸಿಕ್ಯು ತಗೊಂಡ್ರೆ ಹಾರ್ಟ್ ಹಾಳಾಗಲ್ವಾ?

ಮೆಥೋಟ್ರೆಕ್ಸೇಟ್ ಬಗ್ಗೆ ಹೆದರಿಕೆ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಆರ್‌ಎ ಹತೋಟಿಗೆ ತಂದು ಅದು ಹೃದಯಕ್ಕೆ ಉಪಕಾರವನ್ನೇ ಮಾಡುವಂತೆ ಕಾಣುತ್ತದೆ. ಭಯಪಡಬೇಕಾದ್ದು ಒಂದಕ್ಕೆ: ಅದು ವಾರಕ್ಕೊಮ್ಮೆಯ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೆ ಬರುತ್ತದೆ. ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ವಾರದ ಹೆಸರು ಬರೆದೇ ನಾನು ಕೊಡುವುದು.

ಎಚ್‌ಸಿಕ್ಯು ಅಂದರೆ ಹೈಡ್ರಾಕ್ಸಿಕ್ಲೋರೊಕ್ವಿನ್. ಅದನ್ನು ವರ್ಷಾನುಗಟ್ಟಲೆ, ಅದರಲ್ಲೂ ಹೆಚ್ಚಿನ ಡೋಸಿನಲ್ಲಿ ತಗೊಂಡರೆ ತೀರಾ ಅಪರೂಪಕ್ಕೆ ಹೃದಯದ ಮಾಂಸಕ್ಕೆ ತೊಂದರೆ ಮಾಡಬಹುದು, ಹೃದಯ ಬಡಿತದ ಲಯವನ್ನೂ ಬದಲಿಸಬಹುದು. ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ತೂಕ ಇಳಿದಿದ್ದರೆ ಅದನ್ನು ಹೇಳಿ. ಆರ್‌ಎಗೇ ಕೊಡುವ ಇನ್ನೊಂದು ಮಾತ್ರೆ ಲೆಫ್ಲುನೊಮೈಡ್ ಬಿಪಿ ಏರಿಸಬಹುದು, ಆಗಾಗ ನೋಡಿಸಿ.

ನಾಟಿ ಪುಡಿ ತಗೊಂಡೆ, ಎರಡೇ ದಿನದಲ್ಲಿ ನೋವು ಮಾಯ! ಅದನ್ನೇ ಮುಂದುವರಿಸಲಾ?

ಎರಡು ದಿನದಲ್ಲಿ ಮಾಯವಾಯಿತು ಅನ್ನುವುದೇ ನನಗೆ ಅನುಮಾನ. ಹೆಸರು, ಲೇಬಲ್ ಇಲ್ಲದ ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖ ದುಂಡಗಾಗಿ ಕಾಲು ಊದಿದರೆ ಅನುಮಾನ ಗಟ್ಟಿ. ಕೆಮ್ಮಿಗೆ ಚಪ್ಪರಿಸುವ ಜ್ಯೇಷ್ಠಮಧು ಕೂಡ ಜಾಸ್ತಿಯಾದರೆ ಉಪ್ಪು ನೀರು ಹಿಡಿದು ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ಆಯುರ್ವೇದ ವೈದ್ಯರ ಹತ್ತಿರ ಹೋಗುತ್ತಿದ್ದರೆ ಅವರಿಗೂ ಹಾರ್ಟಿನ ವಿಷಯ ಹೇಳಿ.

ಉಪ್ಪು ಬಿಡಿ ಅಂತಾರೆ. ಸೋಡಿಯಂ ಕಮ್ಮಿ ಇರೋ ಉಪ್ಪು ತಂದ್ರೆ ಆಯ್ತಲ್ವಾ?

ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಹಾಕಿರುತ್ತಾರೆ. ಹಾರ್ಟಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದ ಮಾತ್ರೆಗಳೂ ಪೊಟ್ಯಾಶಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಲಯವೇ ತಪ್ಪಬಹುದು. ಡಾಕ್ಟರನ್ನು ಕೇಳದೆ ತರಬೇಡಿ. ಮಾಮೂಲಿ ಉಪ್ಪನ್ನೇ ಕಮ್ಮಿ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವ ಮಿತಿಯೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಸಾರಿನ ಉಪ್ಪಿಗಿಂತ ಕಳ್ಳ ಉಪ್ಪು ದೊಡ್ಡದು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರ.

## ಸ್ವಲ್ಪ ಆಳಕ್ಕೆ

ಹಾರ್ಟ್ ಫೇಲ್ಯೂರ್ ಮಾತ್ರೆಗಳು ಆರ್‌ಎ ಔಷಧಿ ಜೊತೆ ಜಗಳ ಆಡ್ತಾವಾ?

ಬಹುಪಾಲು ಆಡುವುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವು ಶುಗರ್ ಮಾತ್ರೆಯಾಗಿ ಬಂದವು. ‘ನನಗೆ ಶುಗರೇ ಇಲ್ಲ, ಇದನ್ಯಾಕೆ ಕೊಟ್ರು?’ ಎಂದು ವಾಪಸ್ ತರುವವರಿದ್ದಾರೆ. ಶುಗರ್ ಇಲ್ಲದವರ ಹಾರ್ಟ್ ಫೇಲ್ಯೂರಿಗೂ ಇವು ಕೆಲಸ ಮಾಡುತ್ತವೆ. ಇಎಫ್ ಚೆನ್ನಾಗಿರುವ, ಬಿಗಿ ಹೃದಯದ ಬಗೆಯಲ್ಲೂ ಉಪಯೋಗವಿದೆ ಎಂದು 2021 ಮತ್ತು 2022ರ ದೊಡ್ಡ ಪರೀಕ್ಷೆಗಳು ತೋರಿಸಿದವು. ಆರ್‌ಎ ಇರುವವರಿಗೆ ಇದು ಒಳ್ಳೆಯ ಸುದ್ದಿ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಫಂಗಸ್ ಸೋಂಕು ಬರಬಹುದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯ ಮೇಲಿರುವವರು ತುರಿಕೆಯನ್ನು ನಾಚಿಕೊಂಡು ಮುಚ್ಚಿಡಬಾರದು.

ನಿಜವಾದ ಜಗಳಗಂಟ ಮೂರನೆಯವನು. ಉರಿಮೂತ್ರಕ್ಕೆ ಕೊಡುವ ಕೋ-ಟ್ರೈಮಾಕ್ಸಜೋಲ್ ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಬಹುದು. ಸ್ಪೈರೊನೊಲ್ಯಾಕ್ಟೋನ್ ಜೊತೆ ಸೇರಿದರೆ ಪೊಟ್ಯಾಶಿಯಂ ಜಿಗಿಯುತ್ತದೆ. ಈ ಮೂರೂ ಒಂದೇ ಚೀಲದಲ್ಲಿ ಬಂದದ್ದನ್ನು ನಾನು ನೋಡಿದ್ದೇನೆ. ಬರೆದ ಮೂವರು ಡಾಕ್ಟರಿಗೂ ಉಳಿದಿಬ್ಬರ ಚೀಟಿ ಗೊತ್ತಿರಲಿಲ್ಲ. ಎಲ್ಲ ಮಾತ್ರೆಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು, ಹಲ್ಲಿನ ಡಾಕ್ಟರಿಗೂ ತೋರಿಸಿ.

ಬಯಾಲಾಜಿಕ್ ಇಂಜೆಕ್ಷನ್ ಹಾಕಿಸ್ಕೋಬಹುದಾ? ಒಬ್ರು ಹೌದು ಅಂತಾರೆ, ಒಬ್ರು ಬೇಡ ಅಂತಾರೆ.

ಇಬ್ಬರೂ ಸರಿ ಇರಬಹುದು, ಯಾವ ಇಂಜೆಕ್ಷನ್ ಅನ್ನುವುದರ ಮೇಲೆ. ಬಯಾಲಾಜಿಕ್ ಅಂದರೆ ರೋಗನಿರೋಧಕ ಶಕ್ತಿಯ ಒಂದೊಂದು ಭಾಗವನ್ನೇ ಗುರಿಯಿಟ್ಟು ತಡೆಯುವ ಆರ್‌ಎ ಔಷಧಿ. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್, ಎಟಾನರ್ಸೆಪ್ಟ್ ಇವು ಟಿಎನ್‌ಎಫ್ ಅನ್ನುವ ಉರಿಯೂತದ ಅಂಶವನ್ನು ಕಟ್ಟಿಹಾಕುತ್ತವೆ. ಹಾರ್ಟ್ ಫೇಲ್ಯೂರ್ ಇರುವವರ ರಕ್ತದಲ್ಲೂ ಟಿಎನ್‌ಎಫ್ ಜಾಸ್ತಿ ಇರುವುದು ಕಂಡಾಗ, ಇದನ್ನು ಹಾರ್ಟಿಗೇ ಮದ್ದಾಗಿ ಕೊಟ್ಟರೆ ಹೇಗೆ ಎಂದು ಪರೀಕ್ಷೆ ಮಾಡಿದರು. ಎಟಾನರ್ಸೆಪ್ಟ್‌ನಿಂದ ಲಾಭವಾಗಲಿಲ್ಲ. 2003ರಲ್ಲಿ ಪ್ರಕಟವಾದ, 150 ರೋಗಿಗಳ ಪರೀಕ್ಷೆಯಲ್ಲಿ ಇನ್‌ಫ್ಲಿಕ್ಸಿಮಾಬ್‌ನ ಹೆಚ್ಚಿನ ಡೋಸ್ ಪಡೆದವರಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವುದು ಹೆಚ್ಚೇ ಆಯಿತು. ಅಲ್ಲಿಂದ ಈ ಎಚ್ಚರಿಕೆ.

ಅಮೆರಿಕದ ಕೀಲುರೋಗ ತಜ್ಞರ 2021ರ ಮಾರ್ಗಸೂಚಿ ಹೀಗಿದೆ: ಸ್ವಲ್ಪ ಕೆಲಸಕ್ಕೇ ಅಥವಾ ಕೂತಲ್ಲೇ ಏದುಸಿರು ಬರುವ ಹಂತದ ಹಾರ್ಟ್ ಫೇಲ್ಯೂರ್ ಇದ್ದರೆ ಟಿಎನ್‌ಎಫ್ ಔಷಧಿ ಬಿಟ್ಟು ಬೇರೆ ಬಗೆಯದನ್ನು ಆರಿಸುವುದು ಒಳ್ಳೆಯದು. ಅಬಾಟಸೆಪ್ಟ್, ರಿಟುಕ್ಸಿಮಾಬ್ ಆಗ ಮಾತಿಗೆ ಬರುತ್ತವೆ. ಹಾರ್ಟ್ ಫೇಲ್ಯೂರ್ ಇಲ್ಲದ ಆರ್‌ಎ ರೋಗಿಗಳು ಇದನ್ನು ಓದಿ ಟಿಎನ್‌ಎಫ್ ಇಂಜೆಕ್ಷನ್ ನಿಲ್ಲಿಸುವುದು ಮಾತ್ರ ತಪ್ಪು. ಅವರಲ್ಲಿ ಕಾಯಿಲೆ ಹತೋಟಿಗೆ ಬರುವುದೇ ಹೃದಯಕ್ಕೆ ಲಾಭ.

ಟೋಫಾಸಿಟಿನಿಬ್ ಮಾತ್ರೆ ಅಗ್ಗಕ್ಕೆ ಸಿಗುತ್ತೆ, ಇಂಜೆಕ್ಷನ್ ಬದಲು ಅದೇ ಸಾಕಾ?

ಅಗ್ಗ ಹೌದು, ನುಂಗುವುದು ಸುಲಭ, ಕೆಲಸವೂ ಮಾಡುತ್ತದೆ. ಆದರೆ 50 ದಾಟಿದ, ಹಾರ್ಟಿಗೆ ಸಂಬಂಧಿಸಿದ ಒಂದಾದರೂ ಅಪಾಯವಿದ್ದ ಆರ್‌ಎ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ಟಿಎನ್‌ಎಫ್ ಔಷಧಿಗೆ ಹೋಲಿಸಿದರೆ ಟೋಫಾಸಿಟಿನಿಬ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡವು. ಬೀಡಿ ಸಿಗರೇಟು ಸೇದುವವರು, ಹಿಂದೆ ಅಟ್ಯಾಕ್ ಆದವರು, 65 ದಾಟಿದವರು ಇದನ್ನು ಶುರು ಮಾಡುವ ಮುಂಚೆ ಡಾಕ್ಟರ ಜೊತೆ ಕೂತು ಮಾತಾಡಲೇಬೇಕು. ಹಳೆಯ ಚೀಟಿ ತೋರಿಸಿ ತಿಂಗಳು ತಿಂಗಳು ಸುಮ್ನೆ ಒಯ್ಯುವ ಮಾತ್ರೆ ಇದಲ್ಲ.

ಮಂಡಿ ಬದಲಿಸೋ ಆಪರೇಷನ್ ಹೇಳಿದ್ದಾರೆ. ಹಾರ್ಟ್ ತಡೆಯುತ್ತಾ?

ಹಾರ್ಟ್ ಫೇಲ್ಯೂರ್ ಸ್ಥಿರವಾಗಿದ್ದರೆ ಮಾಡುತ್ತಾರೆ. ಮೊದಲು ಎಕೋ ಆಗಬೇಕು, ಹಾರ್ಟ್ ಡಾಕ್ಟರ ಒಪ್ಪಿಗೆ ಬೇಕು. ಆರ್‌ಎ ಹಳೆಯದಾಗಿದ್ದರೆ ಕುತ್ತಿಗೆಯ ಎಕ್ಸ್‌ರೇ ಬೇಕಾ ಎಂದು ನೀವೇ ಕೇಳಿ. ಕುತ್ತಿಗೆಯ ಮೇಲಿನ ಮೂಳೆಗಳು ಸಡಿಲವಾಗಿರಬಹುದು, ಅರಿವಳಿಕೆ ಕೊಡುವಾಗ ಅದು ಗೊತ್ತಿರಬೇಕು. ಡಾಪಾಗ್ಲಿಫ್ಲೋಜಿನ್ ಥರದ್ದನ್ನು ಆಪರೇಷನ್ನಿಗೆ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಮೆಥೋಟ್ರೆಕ್ಸೇಟ್ ಸಾಮಾನ್ಯವಾಗಿ ಮುಂದುವರಿಯುತ್ತದೆ, ಬಯಾಲಾಜಿಕ್‌ಗೆ ಮಾತ್ರ ದಿನ ನೋಡಿ ಬಿಡುವು ಕೊಡುತ್ತಾರೆ. ಸ್ಟಿರಾಯ್ಡ್ ತಪ್ಪಿಸಬಾರದು.

ಆಪರೇಷನ್ ಆದ ರಾತ್ರಿ ವಾರ್ಡಿನಲ್ಲಿ ನೋವೆಂದು ಕೂಗಿದರೆ ಡ್ಯೂಟಿಯಲ್ಲಿರುವವರ ಕೈ ಮೊದಲು ಹೋಗುವುದು ಡೈಕ್ಲೋಫೆನಾಕ್ ಸೂಜಿಯ ಕಡೆಗೇ. ನಿಮಗೆ ಆಗ ಅರ್ಧ ಮಂಪರು. ಅಡ್ಮಿಟ್ ಆಗುವಾಗಲೇ ಕೇಸ್ ಶೀಟಿನ ಮೊದಲ ಪುಟದಲ್ಲಿ ಅದು ಬೇಡವೆಂದು ಬರೆಸಿ, ಪಕ್ಕದಲ್ಲಿ ಮಲಗುವ ಮಗಳಿಗೋ ಸೊಸೆಗೋ ಹೇಳಿಟ್ಟಿರಿ.